ಅಗ್ಗದ ಡಬಲ್ ಬಾಸ್: ಒಳಗಂಬ ಬಿದ್ದಿದೆ, ಕುತ್ತಿಗೆ ಅಲ್ಲಾಡುತ್ತಿದೆ. ರಿಪೇರಿ ಮಾಡಬಹುದೇ?

ಮಂದ್ರತಂತಿ (ಬೆಂಗಳೂರು) – ಫೆಬ್ರವರಿ 9

ಎಲ್ಲರಿಗೂ ನಮಸ್ಕಾರ. ಎಂಟು ವರ್ಷ ಬಾಸ್ ಗಿಟಾರ್ ನುಡಿಸಿದ ಮೇಲೆ ನನಗೆ ನಿಂತು ನುಡಿಸುವ ಬಾಸ್‌ನ ಹುಚ್ಚು ಹಿಡಿಯಿತು. ಸಂಗೀತ ತರಗತಿಯನ್ನು ಮುಚ್ಚಿದ ಒಂದು ಶಾಲೆಯ ಉಗ್ರಾಣದಿಂದ ಮುಕ್ಕಾಲು ಅಳತೆಯ ಡಬಲ್ ಬಾಸನ್ನು ಮೂವತ್ತೈದು ಸಾವಿರ ರೂಪಾಯಿಗೆ ಕೊಂಡು ತಂದಿದ್ದೇನೆ. ಒಳಗೆ ತಯಾರಕರ ಚೀಟಿ ಇಲ್ಲ. ಟೆಂಪೊ ಚಾಲಕರು ಇಳಿಸುವಾಗ, "ಇದು ಪಿಟೀಲಿನ ಅಜ್ಜನೇ ಸಾರ್?" ಎಂದು ಕೇಳಿದರು. ಅಜ್ಜನ ಆರೋಗ್ಯ ಹೀಗಿದೆ:

ತಂತಿಯನ್ನು ಬೆರಳಿನಿಂದ ಒತ್ತುವ ಹಲಗೆ, ಅಂದರೆ ಫಿಂಗರ್‌ಬೋರ್ಡಿನ ತುದಿಯಲ್ಲಿ ಅತಿ ತೆಳುವಾದ ಜಿ ತಂತಿ 14 ಮಿಲಿಮೀಟರ್ ಎತ್ತರದಲ್ಲಿದೆ, ಅತಿ ದಪ್ಪನೆಯ ಇ ತಂತಿ 19. ಒತ್ತಿದರೆ ಬೆರಳಿನ ಮೇಲೆ ಗೆರೆ ಬೀಳುತ್ತದೆ, ಸ್ವರ ಮಾತ್ರ ಬರುವುದಿಲ್ಲ. ಹತ್ತು ನಿಮಿಷ ನುಡಿಸಿದರೆ ಬೆರಳುಗಳು ಕಾಡಿಗೆ ಮೆತ್ತಿದಂತೆ ಕಪ್ಪಾಗುತ್ತವೆ. ವಾದ್ಯವನ್ನು ವಾಲಿಸಿದರೆ ಒಳಗೆ ಏನೋ ಉರುಳುತ್ತದೆ. ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಜ್ ಮುಂದಕ್ಕೆ ಬಾಗಿದೆ. ಕುತ್ತಿಗೆಯು ಒಡಲಿಗೆ ಸೇರುವ ಕಡೆ ಸಣ್ಣ ಬಿರುಕಿದೆ. ಅದರೊಳಕ್ಕೆ ವಿಸಿಟಿಂಗ್ ಕಾರ್ಡ್ ಅರ್ಧ ಇಂಚು ಇಳಿಯುತ್ತದೆ. ಎ ತಂತಿ ಮೀಟಿದರೆ ಎಲ್ಲೋ ಜೀರುಂಡೆಯ ಸದ್ದು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೆ ಕುಣಿಯಲು ಬರುವುದಿಲ್ಲ ಎಂಬುದು ನಿಜ. ಆದರೆ ಇಲ್ಲಿ ನೆಲವೂ ಡೊಂಕಾಗಿದೆ ಎಂದು ನನ್ನ ಅನುಮಾನ. ಇದಕ್ಕೆ ಕೈ ಹಾಕಬಹುದೇ?

ಅನುಮಾನಪ್ಪ (ಹುಬ್ಬಳ್ಳಿ) – ಫೆಬ್ರವರಿ 9

ಮೂಗಿಗಿಂತ ಮೂಗುತಿ ಭಾರ. ಹೊಸ ಬ್ರಿಜ್, ಹೊಸ ಫಿಂಗರ್‌ಬೋರ್ಡ್, ಹೊಸ ತಂತಿ, ಕುತ್ತಿಗೆ ಕೂರಿಸುವ ಕೂಲಿ ಎಲ್ಲವನ್ನೂ ಕೂಡಿಸಿ ನೋಡಿ. ನೀವು ಕೊಟ್ಟ ಬೆಲೆಯ ಎರಡರಷ್ಟಾಗುತ್ತದೆ. ಆಮೇಲೂ ಉಳಿಯುವುದು ಪ್ಲೈವುಡ್ ಪೆಟ್ಟಿಗೆಯೇ. ಇಂಥವನ್ನು ನಾನು 'ಬಾಸ್ ಆಕಾರದ ಪೀಠೋಪಕರಣ' ಎಂದು ಕರೆಯುತ್ತೇನೆ. ಮೂಲೆಯಲ್ಲಿ ನಿಲ್ಲಿಸಿ, ಮೇಲೊಂದು ಹೂಕುಂಡ ಇಡಿ.

ಮಿಚಿಗನ್ ಮೇಷ್ಟ್ರು (ಅಮೆರಿಕ) – ಫೆಬ್ರವರಿ 10

ಹೂಕುಂಡದ ವಿಚಾರ ಆಮೇಲೆ. ಮಂದ್ರತಂತಿ ಅವರೇ, ಇದನ್ನು ಓದಿದ ಕೂಡಲೇ ಎದ್ದುಹೋಗಿ ತಂತಿಗಳನ್ನು ಸಡಿಲಿಸಿ. ಉರುಳುತ್ತಿರುವುದು ಸೌಂಡ್ ಪೋಸ್ಟ್, ಅಂದರೆ ಒಳಗಂಬ. ನಾಲ್ಕು ಉಕ್ಕಿನ ತಂತಿಗಳ ಒಟ್ಟು ಎಳೆತ ಸುಮಾರು 110ರಿಂದ 130 ಕಿಲೋ. ಅದರಲ್ಲೊಂದು ಪಾಲು ಬ್ರಿಜ್‌ನ ಎರಡು ಕಾಲುಗಳ ಮೂಲಕ ಮೇಲ್ಹಲಗೆಯನ್ನು ಕೆಳಕ್ಕೆ ಒತ್ತುತ್ತಲೇ ಇರುತ್ತದೆ. ಇ ತಂತಿಯ ಕಡೆಯ ಕಾಲಿನ ಕೆಳಗೆ ಬಾಸ್ ಬಾರ್ ಎಂಬ ಉದ್ದನೆಯ ತೊಲೆ ಇದೆ. ಜಿ ತಂತಿಯ ಕಡೆಯ ಕಾಲಿಗೆ ಆಸರೆ ಈ ಕಂಬವೊಂದೇ. ಕಂಬವಿಲ್ಲದೆ ತಂತಿ ಬಿಗಿದಿಟ್ಟರೆ ಹಲಗೆ ಕುಸಿಯುತ್ತದೆ.

ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ. ಸರದಿಯಲ್ಲಿ ಒಂದೊಂದನ್ನೂ ಸ್ವಲ್ಪ ಸ್ವಲ್ಪ ಇಳಿಸಿ. ತಂತಿಗಳ ಕೆಳತುದಿ ಸಿಕ್ಕಿಸಿರುವ ಟೇಲ್‌ಪೀಸಿನ ಕೆಳಗೆ ಮಡಿಸಿದ ಟವೆಲ್ ಇಡಿ. ಇಲ್ಲವಾದರೆ ಬ್ರಿಜ್ ಬಿದ್ದಾಗ ಟೇಲ್‌ಪೀಸ್ ಹಲಗೆಗೆ ಬಡಿದು ಗುಳಿ ಬೀಳಿಸುತ್ತದೆ.

ಆಮೇಲೆ ಒಂದು ಪರೀಕ್ಷೆ ಮಾಡಿ. ಮೇಲ್ಹಲಗೆಯಲ್ಲಿ 'f' ಆಕಾರಕ್ಕೆ ಕೊರೆದ ಎಫ್ ರಂಧ್ರದ ಅಂಚನ್ನು ಬೆಳಕು ಬಿಟ್ಟು ನೋಡಿ. ಬಿಸ್ಕತ್ತಿನ ಹಾಗೆ ಪದರಗಳು ಕಂಡರೆ ಪ್ಲೈವುಡ್. ಮೇಲಿನ ಎಳೆಯೇ ಒಳಗಿನವರೆಗೂ ನೇರವಾಗಿ ಇಳಿದಿದ್ದರೆ ಕೆತ್ತಿದ ಹಲಗೆ. ಪ್ಲೈವುಡ್ ಎಂದು ಗೊತ್ತಾದರೆ ದುಃಖಪಡಬೇಡಿ, ಸಂತೋಷಪಡಿ.

ಮಂದ್ರತಂತಿ – ಫೆಬ್ರವರಿ 10

ತಂತಿ ಸಡಿಲಿಸಿದೆ. ಬ್ರಿಜ್ ಟವೆಲ್ಲಿನ ಮೇಲೆ ಮಲಗಿತು. ಪದರಗಳು ಕಾಣುತ್ತಿವೆ, ಐದಿರಬಹುದು. ಸಂತೋಷ ಯಾಕೆಂದು ಹೇಳಿ.

ಮಿಚಿಗನ್ ಮೇಷ್ಟ್ರು – ಫೆಬ್ರವರಿ 11

ನಾನು ಇಲ್ಲಿ ಶಾಲೆಗಳ ಆರ್ಕೆಸ್ಟ್ರಾ ವಾದ್ಯಗಳನ್ನು ರಿಪೇರಿ ಮಾಡುವ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮಕ್ಕಳು ಬಾಸನ್ನು ಮೆಟ್ಟಿಲಿನಿಂದ ಬೀಳಿಸುತ್ತಾರೆ, ಬಾಗಿಲಿಗೆ ಗುದ್ದಿಸುತ್ತಾರೆ, ಹೀಟರ್ ಪಕ್ಕ ನಿಲ್ಲಿಸುತ್ತಾರೆ. ಕೆತ್ತಿದ ಹಲಗೆಯ ಅಗ್ಗದ ಬಾಸ್ ಒಂದೇ ಚಳಿಗಾಲದಲ್ಲಿ ಸೀಳು ಬಿಟ್ಟು ಬರುತ್ತದೆ. ಪ್ಲೈವುಡ್ ಬಾಸ್ ಉಜ್ಜುಗಾಯಗಳೊಂದಿಗೆ ಬಂದು, ಉಜ್ಜುಗಾಯಗಳೊಂದಿಗೇ ಹೋಗುತ್ತದೆ. ಪದರಗಳ ಎಳೆ ಒಂದಕ್ಕೊಂದು ಅಡ್ಡಡ್ಡ ಇರುವುದರಿಂದ ಅದು ಸುಲಭವಾಗಿ ಸೀಳುವುದಿಲ್ಲ. ಶಿಕಾಗೊದ ಕೇ ಕಂಪನಿ 1937ರಿಂದ ಪ್ಲೈವುಡ್ ಬಾಸ್‌ಗಳನ್ನು ಮಾಡಿತು. ಶಾಲೆ, ಡಾನ್ಸ್ ಬ್ಯಾಂಡ್, ಬ್ಲೂಗ್ರಾಸ್ ಗುಂಪು ಎಲ್ಲ ಕಡೆ ಅವೇ ದುಡಿದವು. ಅವತ್ತು ಅಗ್ಗದ ಮಾಲು ಎನಿಸಿಕೊಂಡಿದ್ದವನ್ನು ಇವತ್ತು ಜನ ಹುಡುಕಿಕೊಂಡು ಕೊಳ್ಳುತ್ತಾರೆ.

ಹಾಗಾದರೆ ಅಗ್ಗದ ಬಾಸಿನಲ್ಲಿ ಕೆಟ್ಟದ್ದು ಯಾವುದು? ನನ್ನ ಅನುಭವದಲ್ಲಿ ಕಾರ್ಖಾನೆಯವರು ಹೆಚ್ಚು ಉಳಿಸುವುದು ಮರವನ್ನಲ್ಲ, ಹೊತ್ತನ್ನು. ನಟ್, ಅಂದರೆ ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿ, ಕೊರೆಯಲು ಅರ್ಧ ಗಂಟೆ ಬೇಕು, ಅವರು ಎರಡು ನಿಮಿಷ ಕೊಟ್ಟಿರುತ್ತಾರೆ. ಬ್ರಿಜ್‌ನ ಕಾಲನ್ನು ಹಲಗೆಯ ಉಬ್ಬಿಗೆ ಹೊಂದಿಸಲು ಒಂದು ಮಧ್ಯಾಹ್ನ ಬೇಕು, ಅವರು ಹೊಂದಿಸಿಯೇ ಇರುವುದಿಲ್ಲ. ಆ ಹೊತ್ತನ್ನು ಈಗ ನೀವು ಹಾಕಬೇಕು. ಕೂಲಿ ಕೊಟ್ಟು ಹಾಕಿಸಿದರೆ ಅನುಮಾನಪ್ಪನವರ ಲೆಕ್ಕ ಸರಿ. ಸ್ವಂತ ಕೈಯಿಂದ ಹಾಕಿದರೆ ಆ ಲೆಕ್ಕವೇ ಬೇರೆ.

ಎರಡು ಕಡೆ ಮಾತ್ರ ಅವರು ಮರದಲ್ಲೂ ಮೋಸ ಮಾಡಿರುತ್ತಾರೆ. ಒಂದು ಫಿಂಗರ್‌ಬೋರ್ಡ್: ಕರಿಮರವಲ್ಲ, ಯಾವುದೋ ಬಿಳಿ ಮರಕ್ಕೆ ಕಪ್ಪು ಬಣ್ಣ. ನಿಮ್ಮ ಬೆರಳಿನ ಕಾಡಿಗೆ ಅದೇ. ಇನ್ನೊಂದು ಒಳಗಂಬ. ಹೊರಕ್ಕೆ ತೆಗೆದು ಅದರ ಫೋಟೊ ಹಾಕಿ.

ಮಂದ್ರತಂತಿ – ಫೆಬ್ರವರಿ 12

ಬಾಸನ್ನು ನೆಲಕ್ಕೆ ಊರುವ ಎಂಡ್‌ಪಿನ್ ಕಳಚಿ ಆ ತೂತಿನಿಂದ ಇಣುಕಿದೆ. ಒಳಗೆ ಅಂಟಿನ ಧಾರೆಗಳು ಮೇಣದಬತ್ತಿ ಕರಗಿದ ಹಾಗೆ ಇಳಿದಿವೆ. ಒಂದು ಪೆನ್ಸಿಲ್, ಎರಡು ಗೋಲಿ, ಯಾರದೋ ಪರೀಕ್ಷೆಯ ಹಾಲ್ ಟಿಕೆಟ್ ಸಿಕ್ಕವು. ಕಂಬವೂ ಸಿಕ್ಕಿತು. ತೂಕ ನೋಡಿದರೆ ಪೊರಕೆಯ ಹಿಡಿಯಂತಿದೆ. ಎರಡೂ ತುದಿಗಳನ್ನು ನೇರಕ್ಕೆ ಕತ್ತರಿಸಿದ್ದಾರೆ.

ಎರಡನೇ ಸಾಲು (ಜರ್ಮನಿ) – ಫೆಬ್ರವರಿ 12

ಆ ಹಾಲ್ ಟಿಕೆಟ್‌ನ ಹುಡುಗ ಏನಾದನೋ!

ನಾನು ಸ್ಯಾಕ್ಸನಿಯಲ್ಲಿ ಒಂದು ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ಎರಡನೇ ಸಾಲಿನ ಬಾಸ್ ನುಡಿಸುತ್ತೇನೆ. ಇಲ್ಲಿಂದ ಹೆಚ್ಚು ದೂರವಿಲ್ಲದ ಮಾರ್ಕ್‌ನೊಯ್‌ಕಿರ್ಶನ್‌ನಲ್ಲಿ 1677ರಲ್ಲೇ ಪಿಟೀಲು ತಯಾರಕರ ಸಂಘ ಹುಟ್ಟಿತು. ಮುಂದೆ ಅದು ಸಗಟು ವ್ಯಾಪಾರದ ಊರಾಯಿತು. ಒಂದು ಮನೆಯಲ್ಲಿ ಕುತ್ತಿಗೆ ಕೆತ್ತಿದರೆ, ಇನ್ನೊಂದು ಮನೆಯಲ್ಲಿ ಹಲಗೆ, ಮತ್ತೊಂದರಲ್ಲಿ ಜೋಡಣೆ. ತುಂಡಿಗಿಷ್ಟು ಎಂದು ಕೂಲಿ. ಬೀಡಿ ಕಟ್ಟುವ ಮನೆಗಳನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಆ ಕಾಲದ ಅಗ್ಗದ ವಾದ್ಯಗಳಲ್ಲಿ ಬಾಸ್ ಬಾರನ್ನು ಬೇರೆ ಮಾಡಿ ಅಂಟಿಸುವ ಗೋಜಿಗೇ ಹೋಗದೆ, ಮೇಲ್ಹಲಗೆ ಕೆತ್ತುವಾಗ ಅಲ್ಲೊಂದು ದಿಣ್ಣೆ ಉಳಿಸಿಬಿಡುತ್ತಿದ್ದರು. ಹೊರಗಿನ ಮೂಲೆ ಚೆಂದವಾಗಿ ಕಂಡರೆ ಸಾಕು, ಒಳಗೆ ಮೂಲೆಗಟ್ಟೆಯೇ ಇಲ್ಲದ ವಾದ್ಯಗಳೂ ಇವೆ. ನಾನು ನುಡಿಸುವುದು ಅಂಥ ಒಂದನ್ನೇ. ಮೂರು ಪೀಳಿಗೆ ರಿಪೇರಿ ಮಾಡಿ ಮಾಡಿ ಅದು ಈಗ ಒಳ್ಳೆಯ ಬಾಸ್ ಆಗಿದೆ. ಅದರಲ್ಲಿ ಹುಟ್ಟಿನಿಂದ ಬಂದ ಒಳ್ಳೆಯತನ ಎಷ್ಟು, ರಿಪೇರಿಯವರದು ಎಷ್ಟು ಎಂದು ವಾದ್ಯ ರಿಪೇರಿ ಮಾಡುವ ನನ್ನ ಲೂಥಿಯರ್‌ಗೂ ಹೇಳಲಾಗುವುದಿಲ್ಲ.

ಒಳಗಂಬಕ್ಕೆ ಇಟಾಲಿಯನ್ನರು 'ಆನಿಮಾ' ಎನ್ನುತ್ತಾರೆ, ಫ್ರೆಂಚರು 'ಆಮ್'. ಎರಡಕ್ಕೂ ಆತ್ಮ ಎಂದೇ ಅರ್ಥ. ನಿಮ್ಮ ಬಾಸಿನ ಆತ್ಮ ಪೊರಕೆ ಕಡ್ಡಿ. ಕ್ಷಮಿಸಿ, ತಡೆಯಲಾಗಲಿಲ್ಲ.

ಬೀಟೆಮರ (ಮೈಸೂರು) – ಫೆಬ್ರವರಿ 13

ನಮ್ಮದು ವೀಣೆ ಮಾಡುವ ಮನೆ. ಡಬಲ್ ಬಾಸ್ ನನಗೆ ಗೊತ್ತಿಲ್ಲ, ಮರ ಗೊತ್ತಿದೆ. ಮೇಷ್ಟ್ರೇ, ಕಂಬಕ್ಕೆ ಯಾವ ಮರ, ಎಷ್ಟು ದಪ್ಪ?

ಮಿಚಿಗನ್ ಮೇಷ್ಟ್ರು – ಫೆಬ್ರವರಿ 13

ಸ್ಪ್ರೂಸ್, 18ರಿಂದ 19 ಮಿಲಿಮೀಟರ್ ದಪ್ಪ. ಅದು ಸಿಗದಿದ್ದರೆ ಹಗುರವಾದ, ಎಳೆ ಒತ್ತೊತ್ತಾಗಿ ನೇರವಾಗಿರುವ ಮೆದು ಮರ. ಗಂಟು ಇರಬಾರದು.

ಬೀಟೆಮರ – ಫೆಬ್ರವರಿ 13

ಹಾಗಾದರೆ ಯೂರೋಪಿನಿಂದ ಯಂತ್ರಗಳು ಬರುವ ಪೆಟ್ಟಿಗೆಗಳ ಹಲಗೆ ನೋಡಿ. ಗುಜರಿಯಲ್ಲಿ ರಾಶಿ ಬಿದ್ದಿರುತ್ತದೆ. ಒಳ್ಳೆಯ ತುಂಡು ಆರಿಸಿ, ಗರಗಸ ಹಾಕಬೇಡಿ. ಉಳಿ ಇಟ್ಟು ಸೀಳಿ. ಸೀಳಿದಾಗ ಮರ ತನ್ನ ಎಳೆಯ ಗುಂಟವೇ ಒಡೆಯುತ್ತದೆ. ಗರಗಸ ಎಳೆಯನ್ನು ಲೆಕ್ಕಿಸುವುದಿಲ್ಲ. ಸೀಳಿದ ತುಂಡನ್ನು ಹತ್ತರಿಯಿಂದ ಎಂಟು ಮುಖ ಮಾಡಿ, ಆಮೇಲೆ ಹದಿನಾರು, ಆಮೇಲೆ ದುಂಡಗೆ.

ಮಂದ್ರತಂತಿ – ಫೆಬ್ರವರಿ 23

ಕಂಬ ಮಾಡಿದೆ. ಪೀಣ್ಯದ ಗುಜರಿಯಲ್ಲಿ ನಲವತ್ತು ರೂಪಾಯಿಗೆ ಹಲಗೆ ಸಿಕ್ಕಿತು. ಮಾಡುವುದು ಸುಲಭ, ನಿಲ್ಲಿಸುವುದು ಪ್ರಾಣಸಂಕಟ. ಎಫ್ ರಂಧ್ರದಿಂದ ಬಾಗಿದ ಕಬ್ಬಿಣದ ಕಡ್ಡಿಗೆ ಸಿಕ್ಕಿಸಿ ಒಳಗೆ ಬಿಡುವುದು, ಅದು ಬೀಳುವುದು, ಬಾಸನ್ನು ತಲೆಕೆಳಗು ಮಾಡಿ ಅಲ್ಲಾಡಿಸುವುದು. ಕ್ಯಾರಂ ಬೋರ್ಡಿನಷ್ಟು ಅಗಲದ ಪೆಟ್ಟಿಗೆಯನ್ನು ನಾನು ಅಲ್ಲಾಡಿಸುತ್ತಿರುವುದನ್ನು ಕಂಡ ಅಮ್ಮ, "ಒಳಗೆ ದುಡ್ಡೇನಾದರೂ ಬಿತ್ತೇನೋ?" ಎಂದರು. ಮೂರು ಗಂಟೆಯ ನಂತರ ನಿಂತಿತು. ಆದರೆ ಒಂದು ಕಡೆ ಕೂದಲೆಳೆಯಷ್ಟು ಬೆಳಕು ಕಾಣುತ್ತದೆ. ಬಿಟ್ಟುಬಿಡಲೇ?

ಮಿಚಿಗನ್ ಮೇಷ್ಟ್ರು – ಫೆಬ್ರವರಿ 23

ಬಿಡಬೇಡಿ. ಮೇಲ್ಹಲಗೆ ಅಲ್ಲಿ ಇಳಿಜಾರಾಗಿರುತ್ತದೆ. ಕಂಬದ ಮೇಲ್ತುದಿಯನ್ನೂ ಅದೇ ಓರೆಗೆ ಕತ್ತರಿಸಬೇಕು. ಕೆಳಗಿನ ತುದಿ ಬೆನ್ನುಹಲಗೆಗೆ ಹೊಂದಬೇಕು. ಸಂದು ಇದ್ದರೆ ಕಂಬದ ಅಂಚು ಮೆದು ಮರವನ್ನು ಕಚ್ಚುತ್ತದೆ. ಮೊಬೈಲನ್ನು ಎಂಡ್‌ಪಿನ್ ತೂತಿಗೆ ಹಿಡಿದು ಫೋಟೊ ತೆಗೆಯಿರಿ, ಎಲ್ಲಿ ಕೆರೆಯಬೇಕೆಂದು ಕಾಣುತ್ತದೆ. ಹರಿತವಾದ ಉಳಿಯಿಂದ ಒಂದೊಂದೇ ಸಿಪ್ಪೆ ತೆಗೆಯಿರಿ.

ಇನ್ನೂ ಮೂರು ಮಾತು. ಕಂಬದ ಎಳೆ ಮೇಲ್ಹಲಗೆಯ ಎಳೆಗೆ ಅಡ್ಡವಾಗಿರಲಿ. ಜಾಗ, ಬ್ರಿಜ್‌ನ ಜಿ ಕಡೆಯ ಕಾಲಿನ ಹಿಂದೆ, ಕಾಲಿನಿಂದ ಸುಮಾರು ಕಂಬದ ದಪ್ಪದಷ್ಟು ದೂರ. ತಂತಿ ಇಲ್ಲದಿರುವಾಗ ಅದು ಬೀಳದೆ ನಿಲ್ಲುವಷ್ಟೇ ಬಿಗಿ ಸಾಕು. ಸುತ್ತಿಗೆಯಿಂದ ಬಡಿದು ಬಿಗಿ ಮಾಡಿದರೆ ಹಲಗೆ ಉಬ್ಬುತ್ತದೆ, ಧ್ವನಿ ಕಟ್ಟುತ್ತದೆ.

ಕಡಲತಡಿ (ಮಂಗಳೂರು) – ಮಾರ್ಚ್ 2

ತಡವಾಗಿ ಬಂದೆ. ನಮ್ಮ ಚರ್ಚಿನ ಗಾಯನ ತಂಡಕ್ಕೆ ದಾನವಾಗಿ ಬಂದ ಇಂಥದೇ ಬಾಸ್ ಇದೆ. ಮಂದ್ರತಂತಿ ಅವರೇ, ಬ್ರಿಜ್, ನಟ್ ಎಂದು ಹೊತ್ತು ಕಳೆಯಬೇಡಿ. ನಿಮ್ಮ ನಿಜವಾದ ರೋಗ ಕುತ್ತಿಗೆಯಲ್ಲಿದೆ. ಕಾರ್ಡ್ ಇಳಿಯುತ್ತದೆ ಎಂದರೆ ಕುತ್ತಿಗೆ ಮುಂದಕ್ಕೆ ಬಂದಿದೆ, ಹಾಗಾಗಿಯೇ ತಂತಿ 19 ಮಿಲಿಮೀಟರ್ ಎತ್ತರ. ನಾನು ಇದನ್ನು ತಿಳಿಯದೆ ಬ್ರಿಜ್ ಕತ್ತರಿಸಿದೆ. ಆರು ತಿಂಗಳಿಗೆ ಕುತ್ತಿಗೆ ಇನ್ನಷ್ಟು ಬಂತು, ಮತ್ತೆ ಕತ್ತರಿಸಿದೆ. ಕೊನೆಗೆ ಬ್ರಿಜ್ ಗಿಡ್ಡವಾಗಿ, ಕುತ್ತಿಗೆ ಸರಿಮಾಡಿದ ಮೇಲೆ ಉಪಯೋಗಕ್ಕೇ ಬಾರದಾಯಿತು. ಮೊದಲು ಕುತ್ತಿಗೆ, ಆಮೇಲೆ ಫಿಂಗರ್‌ಬೋರ್ಡ್, ಆಮೇಲೆ ನಟ್, ಕಟ್ಟಕಡೆಗೆ ಬ್ರಿಜ್.

ಮಿಚಿಗನ್ ಮೇಷ್ಟ್ರು – ಮಾರ್ಚ್ 2

ಕಡಲತಡಿಯವರು ಹೇಳಿದ ಕ್ರಮವೇ ಸರಿ. ನಾನೇ ಮೊದಲು ಹೇಳಬೇಕಿತ್ತು.

ಇಲ್ಲಿ ಅಂಟಿನ ಕತೆಯೂ ಇದೆ. ಅಗ್ಗದ ಬಾಸ್‌ಗಳಲ್ಲಿ ಕುತ್ತಿಗೆಯ ಬುಡ ಸಿಕ್ಕಿಸುವ ಗೂಡನ್ನು ದೊಗಳೆಯಾಗಿ ಕೊರೆದು, ಸಂದಿಗೆ ಬಿಳಿ ಅಂಟು ತುಂಬಿರುವುದೇ ಹೆಚ್ಚು. ಬಿಳಿ ಅಂಟು ಮೇಜು ಕುರ್ಚಿಗೆ ಬಲು ಗಟ್ಟಿ. ಆದರೆ ಒಂದೇ ದಿಕ್ಕಿಗೆ ವರ್ಷಗಟ್ಟಲೆ ಎಳೆತ ಬಿದ್ದರೆ ಮೆಲ್ಲಗೆ ಜಾರುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಬೇಗನೇ ಜಾರುತ್ತದೆ. ಪಿಟೀಲು ಮಾಡುವವರು ಬಳಸುವುದು ತೊಗಲಿನಿಂದ ಕಾಯಿಸಿದ ಅಂಟು.

ಬೀಟೆಮರ – ಮಾರ್ಚ್ 3

ಅದನ್ನೇ ನಾವು ಮರವಜ್ರ ಎನ್ನುವುದು. ಅಜ್ಜ ತಗಡಿನ ಡಬ್ಬಿಯಲ್ಲಿ ಕಾಯಿಸುತ್ತಿದ್ದರು, ಇಡೀ ಬೀದಿಗೆ ವಾಸನೆ.

ಮಿಚಿಗನ್ ಮೇಷ್ಟ್ರು – ಮಾರ್ಚ್ 3

ಅದೇ. ಹರಳುಗಳನ್ನು ತಣ್ಣೀರಿನಲ್ಲಿ ಕೆಲವು ಗಂಟೆ ನೆನೆಸಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು 60 ಡಿಗ್ರಿಯಷ್ಟು ಬಿಸಿ ಮಾಡಬೇಕು. ಕುದಿಸಿದರೆ ಬಲ ಹೋಗುತ್ತದೆ. ಮಗುವಿನ ಹಾಲಿನ ಬಾಟಲಿ ಬಿಸಿ ಮಾಡುವ ಯಂತ್ರ ಇದಕ್ಕೆ ಹೇಳಿ ಮಾಡಿಸಿದಂತಿದೆ. ಇದರ ದೊಡ್ಡ ಗುಣವೆಂದರೆ ಬಿಸಿ ಮತ್ತು ತೇವ ಕೊಟ್ಟರೆ ಬಿಡುತ್ತದೆ. ಮುಂದೆ ರಿಪೇರಿ ಮಾಡುವವನು ನಿಮ್ಮನ್ನು ಬೈಯುವುದಿಲ್ಲ.

ಕಡಲತಡಿ – ಮಾರ್ಚ್ 3

ಆ ಗುಣವೇ ನಮ್ಮೂರಿನಲ್ಲಿ ದೋಷ, ಮೇಷ್ಟ್ರೇ. ಆಷಾಢದಲ್ಲಿ ನಮ್ಮ ಗೋಡೆಯೇ ಬೆವರುತ್ತದೆ. ಮರವಜ್ರ ಹಾಕಿ ಕೂರಿಸಿದ ಕುತ್ತಿಗೆ ಮೂರನೇ ಮಳೆಗಾಲಕ್ಕೆ ಮತ್ತೆ ಬಾಯಿ ಬಿಟ್ಟಿತು. ಕೊನೆಗೆ ಕುತ್ತಿಗೆಯ ಬುಡದಿಂದ ಒಳಗಿನ ಗಟ್ಟೆಯವರೆಗೆ ತೂತು ಕೊರೆದು ಉದ್ದನೆಯ ಬೋಲ್ಟ್ ಹಾಕಿದೆ. ತಲೆಯನ್ನು ಒಳಕ್ಕೆ ಇಳಿಸಿ ಮೇಲೊಂದು ಮರದ ಬಿಲ್ಲೆ ಮುಚ್ಚಿದೆ. ಏಳು ವರ್ಷವಾಯಿತು, ಅಲ್ಲಾಡಿಲ್ಲ.

ಬೀಟೆಮರ – ಮಾರ್ಚ್ 3

ವಾದ್ಯಕ್ಕೆ ಕಬ್ಬಿಣ ಹೊಡೆಯುವುದೇ? ನನ್ನ ಕೈ ಏಳುವುದಿಲ್ಲ. ಮರ ತೇವಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ, ಕಬ್ಬಿಣ ತನ್ನಷ್ಟಕ್ಕೆ ನಿಂತಿರುತ್ತದೆ. ಇವತ್ತಲ್ಲ ನಾಳೆ ಒಂದು ಇನ್ನೊಂದನ್ನು ಒಡೆಯುತ್ತದೆ.

ಕಡಲತಡಿ – ಮಾರ್ಚ್ 4

ಅಣ್ಣಾ, ನಿಮ್ಮ ವೀಣೆಗೆ ನಾನು ಬೋಲ್ಟ್ ಹಾಕು ಎನ್ನುತ್ತಿಲ್ಲ. ಇದು ಪ್ಲೈವುಡ್ ಪೆಟ್ಟಿಗೆ. ಭಾನುವಾರ ಬೆಳಿಗ್ಗೆ ಏಳಕ್ಕೆ ನುಡಿಯಬೇಕು, ಅಷ್ಟೇ.

ಮಿಚಿಗನ್ ಮೇಷ್ಟ್ರು – ಮಾರ್ಚ್ 4

ಬೆಲೆಬಾಳುವ ಹಳೆಯ ವಾದ್ಯಕ್ಕೆ ಬೋಲ್ಟ್ ಹಾಕಿದವರನ್ನು ನಾನು ಕ್ಷಮಿಸುವುದಿಲ್ಲ. ಶಾಲೆಯ ಪ್ಲೈವುಡ್ ಬಾಸ್‌ಗೆ ನಾನೇ ಹಾಕಿದ್ದೇನೆ. ಆದರೆ ಬೋಲ್ಟ್ ಹಾಕಿದ ಮಾತ್ರಕ್ಕೆ ದೊಗಳೆ ಗೂಡು ಬಿಗಿಯಾಗುವುದಿಲ್ಲ. ಮೊದಲು ಬಿಚ್ಚಿ, ಹಳೆಯ ಅಂಟು ಕೆರೆದು, ಸಂದಿಗೆ ಗಟ್ಟಿ ಮರದ ತೆಳು ಚೆಕ್ಕೆ ಕೂರಿಸಬೇಕು. ಬಿಚ್ಚುವಾಗ ಹಬೆ ಬಿಡಬೇಡಿ. ಅಗ್ಗದ ಪ್ಲೈವುಡ್ಡಿನ ಪದರಗಳೇ ಕಳಚಿಕೊಳ್ಳುತ್ತವೆ. ಒಣ ಬಿಸಿ ಸಾಕು.

ಅನುಮಾನಪ್ಪ – ಮಾರ್ಚ್ 5

ಇಷ್ಟು ಹೊತ್ತಿಗೆ ಮಂದ್ರತಂತಿಯವರು ಎರಡು ರಾಗ ಕಲಿಯಬಹುದಿತ್ತು.

ಮಂದ್ರತಂತಿ – ಏಪ್ರಿಲ್ 6

ಒಂದು ತಿಂಗಳು ಬರೆಯಲಾಗಲಿಲ್ಲ. ಬೀಟೆಮರ ಅವರ ಮನೆಗೆ ಹೋಗಿದ್ದೆ. ಬಾಸನ್ನು ಕಾರಿನಲ್ಲಿ ಮುಂದಿನ ಸೀಟು ಮಲಗಿಸಿ ಸಾಗಿಸಿದೆ. ಮದ್ದೂರಿನಲ್ಲಿ ವಡೆ ತಿನ್ನಲು ಇಳಿದಾಗಲೂ ಮೇಷ್ಟ್ರು ಹೇಳಿದ್ದು ನೆನಪಾಗಿ ನೆರಳು ಹುಡುಕಿ ನಿಲ್ಲಿಸಿದೆ.

ಹೇರ್ ಡ್ರೈಯರ್‌ನಿಂದ ಬಿಸಿ ಕೊಟ್ಟು, ತೆಳು ಚಾಕು ಆಡಿಸಿ, ಅಣ್ಣ ಒಂದು ಸಲ ಕುತ್ತಿಗೆಯನ್ನು ಹಿಡಿದು ಅಲ್ಲಾಡಿಸಿದರು. ಅಲುಗುವ ಹಲ್ಲು ಬಂದಂತೆ ಬಂದುಬಿಟ್ಟಿತು. ಒಳಗೆ ನೋಡಿದರೆ ನಗಬೇಕೋ ಅಳಬೇಕೋ. ಗೂಡಿನ ಎರಡು ಕೆನ್ನೆಗಳಲ್ಲೂ ಎರಡೆರಡು ಮಿಲಿಮೀಟರ್ ಸಂದು. ಅದಕ್ಕೆ ಮರದ ಹೊಟ್ಟು ಮತ್ತು ಬಿಳಿ ಅಂಟು ಕಲಸಿದ ಮುದ್ದೆ ತುರುಕಿದ್ದರು. ತಳದಲ್ಲಿ ಮರಕ್ಕೆ ಮರ ತಾಗಿಯೇ ಇರಲಿಲ್ಲ. ಇಷ್ಟು ವರ್ಷ ನೂರು ಕಿಲೋ ಎಳೆತವನ್ನು ತಡೆದದ್ದು ಆ ಮುದ್ದೆ.

ಅಣ್ಣ ಮಾತಾಡಲಿಲ್ಲ. ಮುದ್ದೆಯನ್ನೆಲ್ಲ ಉಳಿಯಿಂದ ತೆಗೆದರು. ಮುರಿದ ಗಿಟಾರಿನ ಮೇಪಲ್ ಕುತ್ತಿಗೆಯೊಂದನ್ನು ಸೀಳಿ ಚೆಕ್ಕೆ ಮಾಡಿದರು. ಗೂಡಿಗೆ ಸೀಮೆಸುಣ್ಣ ಬಳಿದು, ಕುತ್ತಿಗೆಯನ್ನು ಇಳಿಸಿ, ಮತ್ತೆ ತೆಗೆದು, ಸುಣ್ಣ ಅಂಟಿದ ಕಡೆ ಮಾತ್ರ ಕೆರೆದರು. ಹೀಗೆ ಎಷ್ಟು ಸಲ ಎಂದು ಎಣಿಸಲು ಶುರುಮಾಡಿ ನಲವತ್ತಕ್ಕೆ ಬಿಟ್ಟೆ. ಮೊದಲ ದಿನ ಸುಣ್ಣ ಅಲ್ಲಲ್ಲಿ ಚುಕ್ಕೆಯಾಗಿ ಹತ್ತುತ್ತಿತ್ತು. ಎರಡನೇ ದಿನ ಸಂಜೆ ಇಡೀ ಕೆನ್ನೆ ಬೆಳ್ಳಗಾಯಿತು. ಪ್ರತಿ ಸಲವೂ ಫಿಂಗರ್‌ಬೋರ್ಡಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು, ಅದು ಬ್ರಿಜ್ ನಿಲ್ಲುವ ಜಾಗದಲ್ಲಿ ಎಷ್ಟು ಎತ್ತರಕ್ಕೆ ಬರುತ್ತದೆ, ಎಡ ಬಲಕ್ಕೆ ವಾಲಿದೆಯೇ ಎಂದು ನಾನು ಅಳೆದು ಹೇಳಬೇಕಿತ್ತು. ಬುಡದಲ್ಲಿ ಒಂದು ಸಿಪ್ಪೆ ಹೆಚ್ಚು ಹೋದರೆ ಆ ತುದಿಯಲ್ಲಿ ನಾಲ್ಕೈದು ಮಿಲಿಮೀಟರ್ ವ್ಯತ್ಯಾಸವಾಗುತ್ತದೆ.

ಬೋಲ್ಟ್ ಜಗಳ ಅಲ್ಲಿಯೂ ನಡೆಯಿತು. ಕಡಲತಡಿಯವರ ಏಳು ವರ್ಷದ ಸಾಕ್ಷಿ ನಾನು ಹೇಳಿದೆ. ಕೊನೆಗೆ ಅಣ್ಣ ಮರವಜ್ರದಿಂದಲೇ ಅಂಟಿಸಿ, ಬೋಲ್ಟ್ ಹೋಗಬೇಕಿದ್ದ ಜಾಗದಲ್ಲಿ ಬೀಟೆ ಮರದ ಗೂಟ ಹೊಡೆದರು. "ಬಿಚ್ಚಬೇಕಾದರೆ ಕೊರೆದು ತೆಗೆಯಲಿ, ಮರಕ್ಕೆ ಮರ" ಎಂದರು. ಕೂಲಿ ಕೇಳಿದರೆ ಗದರಿದರು.

ಕಡಲತಡಿ – ಏಪ್ರಿಲ್ 6

ಗೂಟಕ್ಕೆ ಅಡ್ಡಿಯಿಲ್ಲ. ಆದರೂ ಮೂರು ಮಳೆಗಾಲ ಕಳೆಯಲಿ, ಆಮೇಲೆ ಮಾತಾಡೋಣ.

ಬೀಟೆಮರ – ಏಪ್ರಿಲ್ 7

ಆಗಲಿ. ಫಿಂಗರ್‌ಬೋರ್ಡಿನ ವಿಷಯ ನಾನೇ ಹೇಳಿಬಿಡುತ್ತೇನೆ. ಅದರ ಮೇಲೆ ತಂತಿ ಕೊರೆದ ಗೆರೆಗಳು ಉಗುರಿಗೆ ಸಿಗುವಷ್ಟು ಆಳವಾಗಿದ್ದವು. ಬೀಟೆಯಲ್ಲಿ ಹೊಸದು ಮಾಡುವ ಆಸೆ ನನಗಿತ್ತು. ಸುಮಾರು ತೊಂಬತ್ತು ಸೆಂಟಿಮೀಟರ್ ಉದ್ದದ, ಚೆನ್ನಾಗಿ ಒಣಗಿದ, ರಸೀದಿ ಇರುವ ತುಂಡು ಕೈಯಲ್ಲಿರಲಿಲ್ಲ. ಹಾಗಾಗಿ ಇದ್ದುದಕ್ಕೇ ಹತ್ತರಿ ಹೊಡೆದೆವು. ಮೇಷ್ಟ್ರು ಹೇಳಿದಂತೆ ಉದ್ದಕ್ಕೆ ನಡುವೆ ಒಂದರಿಂದ ಎರಡು ಮಿಲಿಮೀಟರ್ ತಗ್ಗು, ಇ ತಂತಿಯ ಕೆಳಗೆ ತುಸು ಹೆಚ್ಚು. ತಂತಿ ಅಗಲವಾಗಿ ಅಲುಗುತ್ತದಲ್ಲ, ಅದಕ್ಕೆ ಜಾಗ ಬೇಕು. ಪೂರ್ತಿ ನೇರ ಮಾಡಿದರೆ ಜೀವಾಳಿ ಹಾಕಿದ ತಂಬೂರಿಯಂತೆ ಎಲ್ಲ ಸ್ವರವೂ ಝೇಂಕರಿಸುತ್ತದೆ. ತಂಬೂರಿಗೆ ಅದು ಶೋಭೆ, ಇದಕ್ಕಲ್ಲ.

ಹತ್ತರಿ ಬಿದ್ದ ಮೇಲೆ ಕಪ್ಪು ಹೋಗಿ ಹಲಗೆ ಬೆಳ್ಳಗೆ ಹೊರಬಿತ್ತು. ಹುಡುಗನ ಮುಖವೂ ಬೆಳ್ಳಗಾಯಿತು.

ಮಂದ್ರತಂತಿ – ಏಪ್ರಿಲ್ 7

ಬಣ್ಣ ಬಳಿಯಲಿಲ್ಲ, ಹಾಗೆಯೇ ಬಿಟ್ಟಿದ್ದೇನೆ. ಬೆರಳಾದರೂ ಶುದ್ಧವಾಗಿರುತ್ತದೆ.

ನಟ್ ಮತ್ತು ಬ್ರಿಜ್ ನಾನೇ ಮಾಡಿದೆ. ನಟ್‌ನ ತಂತಿ ಕೂರುವ ಗೀರುಗಳನ್ನು ದುಂಡು ಅರದಿಂದ ಇಳಿಸಿ, ಕೆಳಗೆ ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಮಾತ್ರ ಸಂದು ಉಳಿಸಿ, ಪೆನ್ಸಿಲ್ ಸೀಸ ಉಜ್ಜಿದೆ. ಬ್ರಿಜ್‌ನ ಕಾಲಿಗೆ ಸುಲಭದ ದಾರಿ ಹಿಡಿದೆ: ಮೇಲ್ಹಲಗೆಯ ಮೇಲೆ ಮರಳು ಕಾಗದ ಅಂಟಿಸಿ, ಬ್ರಿಜ್ ನಿಲ್ಲುವ ಜಾಗದಲ್ಲೇ ಹಿಂದೆ ಮುಂದೆ ಉಜ್ಜಿದೆ. ಚಾಕುವಿನಿಂದ ಕೆತ್ತುವುದೇ ಉತ್ತಮ ಎಂದು ಮೇಷ್ಟ್ರು ಹೇಳುತ್ತಾರೆಂದು ಗೊತ್ತು. ತಂತಿಯ ಎತ್ತರವನ್ನು ಮೇಲಿನ ಅಂಚಿನಿಂದಷ್ಟೇ ಇಳಿಸಿದೆ. ಈಗ ಜಿ 6 ಮಿಲಿಮೀಟರ್, ಇ 9.

ಮೊನ್ನೆ ರಾತ್ರಿ ಶ್ರುತಿ ಮಾಡಿ ಮೊದಲ ಸಲ ಇ ತಂತಿ ಮೀಟಿದೆ. 41 ಹರ್ಟ್ಸ್. ಕಿವಿಗಿಂತ ಮೊದಲು ಹೊಟ್ಟೆಗೆ ಕೇಳಿಸಿತು. ಪಕ್ಕದ ಮನೆಯವರು ದೀಪ ಹಾಕಿದರು.

ಆದರೆ ಎ ತಂತಿಯ ಜೀರುಂಡೆ ಹಾಗೇ ಇದೆ.

ಎರಡನೇ ಸಾಲು – ಏಪ್ರಿಲ್ 8

ಅಂಚುಗಳ ಸುತ್ತ ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಬನ್ನಿ. ಅಂಟು ಬಿಟ್ಟಿರುವ ಕಡೆ ಒಡಕು ಸದ್ದು ಬರುತ್ತದೆ. ಬಿರಡೆಗಳ ಸ್ಕ್ರೂ, ಟೇಲ್‌ಪೀಸಿನ ತಂತಿ, ಎಂಡ್‌ಪಿನ್ನಿನ ತಿರುಪು, ಬ್ರಿಜ್‌ನ ಎತ್ತರ ಹೊಂದಿಸುವ ಚಕ್ರ ಒಂದೊಂದನ್ನೂ ಬೆರಳಿನಲ್ಲಿ ಒತ್ತಿ ಹಿಡಿದು, ಇನ್ನೊಬ್ಬರಿಗೆ ಎ ಮೀಟಲು ಹೇಳಿ.

ಮಂದ್ರತಂತಿ – ಏಪ್ರಿಲ್ 19

ಹತ್ತು ದಿನ ಹುಡುಕಿದೆ. ಕೆಳಗಿನ ಅಂಚಿನಲ್ಲಿ ಒಂದು ಗೇಣು ಅಂಟು ಬಿಟ್ಟಿತ್ತು, ಅಂಟಿಸಿದೆ. ಒಂದು ಬಿರಡೆಯ ಸ್ಕ್ರೂ ಬಿಗಿ ಮಾಡಿದೆ. ಜೀರುಂಡೆ ಹೋಗಲಿಲ್ಲ. ನಿನ್ನೆ ಧೂಳು ಹೊಡೆಯಲೆಂದು ಬಾಸನ್ನು ನಡುಮನೆಗೆ ತಂದು ಸುಮ್ಮನೆ ಮೀಟಿದೆ. ಸದ್ದಿಲ್ಲ! ಕೋಣೆಗೆ ಒಯ್ದರೆ ಇದೆ. 55 ಹರ್ಟ್ಸಿಗೆ ಅಲುಗುತ್ತಿದ್ದದ್ದು ನನ್ನ ಕಬ್ಬಿಣದ ಬೀರುವಿನ ಹಿಡಿ.

ಅನುಮಾನಪ್ಪ – ಏಪ್ರಿಲ್ 19

ಬೀರುವಿಗೂ ಒಳಗಂಬ ಹಾಕಿಸಿ.

ಮಿಚಿಗನ್ ಮೇಷ್ಟ್ರು – ಏಪ್ರಿಲ್ 20

ನಾಚಿಕೆ ಬೇಡ. ನಮ್ಮ ಅಂಗಡಿಯಲ್ಲಿ ನಾನು ಒಮ್ಮೆ ಕಿಟಕಿಯ ಗಾಜಿಗಾಗಿ ಬಾಸ್ ಬಿಚ್ಚಿದ್ದೇನೆ.

ಇನ್ನು ತಂತಿಯ ಮಾತು. ಹಳೆಯ ತಂತಿಗಳನ್ನು ಎಸೆಯಿರಿ, ಆದರೆ ಈಗಲೇ ದುಬಾರಿಯವನ್ನು ಕೊಳ್ಳಬೇಡಿ. ಕುತ್ತಿಗೆ ಹೊಸದಾಗಿ ಕೂತಿದೆ. ಎಳೆತ ಕಡಿಮೆ ಇರುವ ಸೆಟ್ ಹಾಕಿ. ಸೋಲೊ ಶ್ರುತಿಗೆಂದು ಮಾಡಿದ ತಂತಿಗಳನ್ನು ಒಂದು ಸ್ವರ ಇಳಿಸಿ ಮಾಮೂಲಿ ಶ್ರುತಿಗೆ ತಂದರೂ ಎಳೆತ ತಗ್ಗುತ್ತದೆ. ಆರ್ಕೆಸ್ಟ್ರಾದವರು ಬದಲಿಸಿ ಬಿಟ್ಟ ಹಳೆಯ ಸೆಟ್ ಸಿಕ್ಕರೆ ಇನ್ನೂ ಒಳ್ಳೆಯದು. ಬಾಸಿನ ಉಕ್ಕಿನ ತಂತಿ ವರ್ಷಗಟ್ಟಲೆ ಬಾಳುತ್ತದೆ.

ಎರಡನೇ ಸಾಲು – ಏಪ್ರಿಲ್ 20

ನನ್ನ ಹತ್ತಿರ ಒಂದು ಹಳೆಯ ಸೆಟ್ ಇದೆ. ಆಗಸ್ಟ್‌ನಲ್ಲಿ ಊರಿಗೆ ಬರುವಾಗ ತರುತ್ತೇನೆ. ವಿಮಾನ ನಿಲ್ದಾಣದವರು ಈ ಹಗ್ಗ ಯಾತಕ್ಕೆಂದು ಕೇಳಿದರೆ ನಿಮ್ಮ ಹೆಸರು ಹೇಳುತ್ತೇನೆ.

ಮಂದ್ರತಂತಿ – ಜುಲೈ 3

ಒಂದು ಸಂದೇಹ. ಮಳೆ ಹಿಡಿದು ಮೂರು ವಾರವಾಯಿತು. ಇ ತಂತಿ 9 ಇದ್ದದ್ದು 10 ಆಗಿದೆ, ಜಿ ಅರ್ಧ ಮಿಲಿಮೀಟರ್ ಏರಿದೆ. ಎದೆ ಧಸಕ್ಕೆಂದಿತು. ಕುತ್ತಿಗೆ ಮತ್ತೆ ಬಂತೇ?

ಮಿಚಿಗನ್ ಮೇಷ್ಟ್ರು – ಜುಲೈ 3

ಕಾರ್ಡ್ ಇಳಿಯುತ್ತದೆಯೇ?

ಮಂದ್ರತಂತಿ – ಜುಲೈ 3

ಇಲ್ಲ. ಸಿಗರೇಟಿನ ತೆಳು ಕಾಗದವೂ ಇಳಿಯುವುದಿಲ್ಲ.

ಬೀಟೆಮರ – ಜುಲೈ 3

ನೋಡಿದಿರಾ, ಕಡಲತಡಿಯವರೇ.

ಕಡಲತಡಿ – ಜುಲೈ 3

ಇದು ಒಂದನೇ ಮಳೆಗಾಲ, ಅಣ್ಣಾ. ಇನ್ನೂ ಎರಡಿವೆ.

ಮಿಚಿಗನ್ ಮೇಷ್ಟ್ರು – ಜುಲೈ 4

ಹಾಗಾದರೆ ಅದು ತೇವ. ಮರ ತುಸು ಹಿಗ್ಗಿದೆ. ಪ್ಲೈವುಡ್ ಆದ್ದರಿಂದ ಇಷ್ಟರಲ್ಲೇ ನಿಂತಿದೆ. ಬ್ರಿಜ್‌ನ ಚಕ್ರಗಳನ್ನು ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಇಳಿಸಿ, ತಂತಿಯನ್ನು ಸಡಿಲಿಸಿಕೊಂಡು. ಎಷ್ಟು ಸುತ್ತು ತಿರುಗಿಸಿದಿರೆಂದು ಬ್ರಿಜ್‌ನ ಕೆಳಗೆ ಪೆನ್ಸಿಲ್‌ನಲ್ಲಿ ಬರೆದಿಡಿ. ಜನವರಿಯಲ್ಲಿ ಅಷ್ಟೇ ಹಿಂದಕ್ಕೆ ತಿರುಗಿಸಬೇಕಾಗುತ್ತದೆ.